ಮನೆಯ ಪತ್ರ ಸರಿ, ಬಾವಿಯ ಪತ್ರ ಎಲ್ಲಿ?

ಊಟದ ಮನೆಯ ಪಕ್ಕದ್ದೋ, ಗುಡ್ಡೆ ತುದಿಯದ್ದೋ? ಎರಡನೇ ಹಂತದಲ್ಲಿ ಯಾವ ಮನೆ ತಗೊಂಡರೆ ಮುಂದೆ ಬೆಲೆ ಜಾಸ್ತಿ ಬರುತ್ತದೆ ಅಂತ ಕೇಳಿದ್ದೀರಿ. ಉಡುಪಿ ಕಡೆಯ ಹಳ್ಳಿ, ಹಂತ ಹಂತವಾಗಿ ಬೆಳೆಯುತ್ತಿರುವ ಕೋಹೌಸಿಂಗ್, ಅಂದರೆ ಮನೆ ಬೇರೆ ಬೇರೆ, ಊಟದ ಮನೆ ಎಲ್ಲರಿಗೂ ಒಂದೇ. ನೀವು ಬೆಂಗಳೂರಿನಿಂದ ಬರುವವರು. ನಾವೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದವರು. ಪ್ರಶ್ನೆಯೇ ತಪ್ಪು ಮಾರಾಯ್ರೆ.

ನಮ್ಮದು ಕಾರ್ಕಳ ತಾಲೂಕು. ಊರಿನ ಹೆಸರು ಬೇಡ, ಈಗಲೂ ಅಲ್ಲೇ ಇದ್ದೇವೆ. ಮೊದಲು ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟು. ಮಗಳು ಪುಣೆಗೆ ಹೋದ ಮೇಲೆ ನಾವಿಬ್ಬರೇ. ಎದುರು ಬಾಗಿಲಿನವರ ಹೆಸರು ಕೆಳಗಿನ ಬೋರ್ಡು ಓದಿ ಗೊತ್ತು, ಅಷ್ಟೇ. ಆಗ ನಮ್ಮ ಮನೆಯವರು ಎಲ್ಲಿಂದಲೋ ಡೆನ್ಮಾರ್ಕಿನ ಕಥೆ ಓದಿಕೊಂಡು ಬಂದರು. 1964ರಲ್ಲಿ ಯಾನ್ ಗುಡ್ಮಂಡ್ ಹಾಯರ್ ಎಂಬ ಆರ್ಕಿಟೆಕ್ಟ್ ತನ್ನ ಗೆಳೆಯರನ್ನು ಕೂರಿಸಿಕೊಂಡು, ಬೇರೆ ಬೇರೆ ಮನೆ ಆದರೆ ಒಟ್ಟಿಗೆ ಬದುಕುವುದು ಹೇಗೆ ಅಂತ ಯೋಚಿಸಿದರಂತೆ. 1972ರಲ್ಲಿ ಸೆಟೆಡಾಮೆನ್ ಎಂಬಲ್ಲಿ ಜನ ವಾಸಕ್ಕೇ ಬಂದರು. ಪ್ರತಿ ಮನೆಗೂ ಅದರದ್ದೇ ಅಡುಗೆಮನೆ, ಜೊತೆಗೆ ಎಲ್ಲರಿಗೂ ಸೇರಿ ಒಂದು ದೊಡ್ಡ ಊಟದ ಮನೆ. ಅಡುಗೆ ಸರದಿ ಪ್ರಕಾರ.

ಕೇಳಲು ಚೆಂದ. ಆದರೆ ಅಲ್ಲಿ ಮೊದಲು ಜನ ಸೇರಿದರು, ಜಗಳವಾಡಿದರು, ನಕ್ಷೆ ಹಾಕಿದರು, ಆಮೇಲೆ ಕಟ್ಟಿದರು. ನಮ್ಮಲ್ಲಿ ಹೆಚ್ಚಾಗಿ ಉಲ್ಟಾ. ಒಬ್ಬರು ಜಾಗ ತಂದು, ಮನೆ ಕಟ್ಟಿ, ಆಮೇಲೆ ಜೊತೆಗೆ ಬದುಕುವುದನ್ನೂ ಸೇರಿಸಿ ಮಾರುತ್ತಾರೆ. ನಮ್ಮ ಅಜ್ಜಿಯ ಕುಟುಂಬದ ಮನೆಯಲ್ಲಿ ನಾನು ಬೆಳೆದದ್ದು, ಹತ್ತಾರು ಜನ ಒಟ್ಟಿಗೆ ಇರುವುದು ಎಂತ ದೊಡ್ಡ ವಿಷಯ ಅಂದುಕೊಂಡಿದ್ದೆ. ಅಲ್ಲಿ ಯಜಮಾನರು ಒಂದು ಮಾತು ಹೇಳಿದರೆ ಮುಗಿಯಿತು. ಇಲ್ಲಿ ಕಸದ ಡಬ್ಬಿ ಎಲ್ಲಿಡಬೇಕು ಅಂತಲೂ ಮೀಟಿಂಗು.

ಡಿಸೆಂಬರಿನಲ್ಲಿ ನೋಡಲು ಹೋದೆವು. ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ನಡುವೆ ಊಟದ ಮನೆ, ಅದರ ಪಕ್ಕ ಕಲ್ಲು ಕಟ್ಟಿದ ಬಾವಿ. ಮೊದಲ ಹಂತದವರು ಸಾಲಾಗಿ ಕೂತು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಊಟ ಮಾಡುತ್ತಿದ್ದರು. ನಮಗೂ ಬಡಿಸಿದರು. ಅಲ್ಲಿಗೆ ತೀರ್ಮಾನ ಆಗಿಹೋಯಿತು. ಉಳಿದದ್ದು ಯಾವ ಮನೆ ಎನ್ನುವುದೊಂದೇ.

ಈಗ ನಮ್ಮನ್ನು ಮುಳುಗಿಸಿದ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಆದರೂ ಓದಿ.

ನಾವು ಪತ್ರ ನೋಡದೆ ಕೊಂಡವರಲ್ಲ. ಆರ್‌ಟಿಸಿ, ಅಂದರೆ ಪಹಣಿ, ಕೃಷಿ ಜಾಗದಲ್ಲಿ ಮನೆ ಕಟ್ಟಲು ಬೇಕಾದ ಕನ್ವರ್ಷನ್ ಆರ್ಡರ್, ಪಂಚಾಯತಿನ 9/11 ನಮೂನೆಯ ಖಾತೆ ಪತ್ರ, ಮೂವತ್ತು ವರ್ಷದ ಇಸಿ (ಋಣಭಾರ ಪತ್ರ), ಸರ್ವೆ ನಕ್ಷೆ ಎಲ್ಲ ತೆಗೆಸಿದ್ದೆವು. ಒಳ್ಳೆಯ ವಕೀಲರಿಗೇ ತೋರಿಸಿದ್ದೆವು. ಎಲ್ಲ ಸರಿ ಇದೆ ಅಂದರು. ಸರಿಯೇ ಇತ್ತು. ನಮ್ಮ ಆರು ಸೆಂಟ್ಸಿನ (ನೂರು ಸೆಂಟ್ಸಿಗೆ ಒಂದು ಎಕರೆ) ಬಗ್ಗೆ ಇವತ್ತಿಗೂ ಯಾರೂ ಒಂದು ಮಾತು ಆಡುವ ಹಾಗಿಲ್ಲ. ವಕೀಲರ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟ ಫೈಲನ್ನು ಅವರು ನೋಡಿದರು. ನಾನು ಕೊಟ್ಟದ್ದು ನನ್ನ ಮನೆಯ ಫೈಲು.

ಆದರೆ ನಾವು ದುಡ್ಡು ಕೊಟ್ಟದ್ದು ಬರೀ ಆ ಆರು ಸೆಂಟ್ಸಿಗಾ? ಒಟ್ಟು ಬೆಲೆಯ ಕಾಲು ಭಾಗದ ಹತ್ತಿರ ಸಾಮಾನ್ಯ ಸೌಲಭ್ಯ ಅಂತ ಹಾಕಿದ್ದರು. ಬಾವಿ, ಊಟದ ಮನೆ, ಮಕ್ಕಳ ಅಂಗಳ, ತರಕಾರಿ ತೋಟ, ದಾರಿ. ಬಣ್ಣದ ನಕ್ಷೆಯಲ್ಲಿ ಇವೆಲ್ಲ ಹಸಿರಾಗಿ ಇದ್ದವು. ಸೇಲ್ ಡೀಡಿನಲ್ಲಿ ಇವುಗಳಿಗೆ ಸಿಕ್ಕಿದ್ದು ಒಂದೇ ಸಾಲು: ಸಾಮಾನ್ಯ ಸೌಲಭ್ಯಗಳನ್ನು ಬಳಸುವ ಹಕ್ಕು. ಯಾವ ಸರ್ವೆ ನಂಬರು? ಇಲ್ಲ. ಎಷ್ಟು ಸೆಂಟ್ಸು? ಇಲ್ಲ. ಯಾರ ಹೆಸರು? ಅದೂ ಇಲ್ಲ. ನಾನು ಆ ಸಾಲು ಓದಿದ್ದೇನೆ, ಸಹಿ ಹಾಕುವ ದಿನ ಕೂಡ ಓದಿದ್ದೇನೆ. ಬಾವಿ ಕಣ್ಣೆದುರೇ ಇದೆ, ಅದಕ್ಕೆಂತ ಪತ್ರ ಅನಿಸಿತು. ಇದೇ ತಪ್ಪು. ಕಣ್ಣಿಗೆ ಕಾಣುವ ವಸ್ತುವಿಗೆ ಕಾಗದ ಕೇಳಲು ನಾಚಿಕೆ ಆಗುತ್ತದೆ. ಅದೂ ಗಂಜಿ ಉಂಡ ಮೇಲೆ.

ಎರಡನೇ ಹಂತದವರೆಲ್ಲ ವಾಸಕ್ಕೆ ಬಂದ ಮೇಲಿನ ಮೊದಲ ಏಪ್ರಿಲ್. ಬಾವಿಯ ನೀರು ತಳಕ್ಕೆ ಹೋಯಿತು. ಮೊದಲಿನವರಿಗೆ ಸಾಕಾಗುತ್ತಿದ್ದ ನೀರು, ಎರಡು ಪಟ್ಟು ಜನಕ್ಕೆ ಎಲ್ಲಿ ಸಾಕು? ಬಾವಿ ಆಳ ಮಾಡಿ ದೊಡ್ಡ ಪಂಪು ಹಾಕೋಣ, ಊಟದ ಮನೆಯನ್ನೂ ಒಂದು ಅಂಕಣ ಬೆಳೆಸೋಣ ಅಂತ ಮೀಟಿಂಗಿನಲ್ಲಿ ಆಯಿತು. ಲೈಸೆನ್ಸಿಗೆ ಪಂಚಾಯತಿಗೆ ಹೋದರೆ, ಆ ಜಾಗದ 9/11 ತನ್ನಿ ಅಂದರು. ಇರಲಿಲ್ಲ. ಊಟದ ಮನೆಗೆ ಕರೆಂಟು ಮೊದಲ ಸಾಲಿನ ಒಂದು ಮನೆಯ ಮೀಟರಿನಿಂದ ಎಳೆದದ್ದು ಅಂತಲೂ ಆಗಲೇ ಗೊತ್ತಾದದ್ದು. ಸರ್ವೆಯವರನ್ನು ಕರೆಸಿ ಗಡಿ ಅಳೆಸಿದೆವು. ಗಡಿಕಲ್ಲು ಬಿದ್ದದ್ದು ಊಟದ ಮನೆಯ ಈಚೆ. ಬಾವಿ, ಊಟದ ಮನೆ, ತೋಟ ಮೂರೂ ಕುಮ್ಕಿಯಲ್ಲಿ.

ಬೆಂಗಳೂರಿನವರಿಗೆ ಕುಮ್ಕಿ ಅಂದರೆ ಗೊತ್ತಿರುವುದಿಲ್ಲ. ನಮ್ಮ ಜಿಲ್ಲೆಗಳು 1956ರವರೆಗೆ ಮದ್ರಾಸಿಗೆ ಸೇರಿದ್ದವು, ಇದು ಆ ಕಾಲದಿಂದ ಬಂದದ್ದು. ಹಳೆಯ ವರ್ಗ ಜಾಗಕ್ಕೆ, ಅಂದರೆ ಕೃಷಿಕರ ಸ್ವಂತ ಪಟ್ಟಾ ಜಾಗಕ್ಕೆ, ತಾಗಿಕೊಂಡಿರುವ ಸರ್ಕಾರಿ ಗುಡ್ಡೆಯನ್ನು ವರ್ಗದಾರರು ಬಳಸಬಹುದು. ಗದ್ದೆಗೆ ಸೊಪ್ಪು ತರಬಹುದು, ಸೌದೆ ತರಬಹುದು, ದನ ಮೇಯಿಸಬಹುದು. 1964ರ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಈ ಸವಲತ್ತನ್ನು ಉಳಿಸಿದೆ. ಆದರೆ ಅದು ಸವಲತ್ತು, ಒಡೆತನ ಅಲ್ಲ. ಜಾಗ ಸರ್ಕಾರದ್ದು. ಅದನ್ನು ಮಾರುವ ಹಾಗಿಲ್ಲ, ಕನ್ವರ್ಷನ್ ಮಾಡಿಸುವ ಹಾಗಿಲ್ಲ. ಕುಮ್ಕಿಯನ್ನು ಕೃಷಿಕರ ಹೆಸರಿಗೇ ಮಾಡಿಕೊಡಿ ಅಂತ ಕರಾವಳಿಯಲ್ಲಿ ಬಹಳ ಹಿಂದಿನಿಂದ ಬೇಡಿಕೆ ಇದೆ. ಎಲೆಕ್ಷನ್ ಬಂದಾಗೆಲ್ಲ ಕೇಳುತ್ತಿರುತ್ತೇವೆ.

ನಮಗೆ ಮಾರಿದವರು ಮೋಸಗಾರರೇನೂ ಅಲ್ಲ, ಅದನ್ನು ಹೇಳಲೇಬೇಕು. ಅವರ ಅಜ್ಜನ ಕಾಲದಿಂದ ಆ ಗುಡ್ಡೆ ಅವರದ್ದೇ ಅಂತ ಮನೆಯಲ್ಲಿ ಮಾತು. ಬೇಲಿ ಅವರದ್ದೇ, ಗೇರುಮರ ಅವರದ್ದೇ. ಅವರಿಗೂ ಅದು ಬೇರೆ ಅಂತ ಅನಿಸಿರಲಿಲ್ಲ. ನಮ್ಮ ಇಸಿಯಲ್ಲಿ ಅದು ಬರುವ ಹಾಗೂ ಇಲ್ಲ, ಯಾಕೆಂದರೆ ಅದರ ಸರ್ವೆ ನಂಬರೇ ಬೇರೆ.

ಆಮೇಲೆ ಆದದ್ದು ಕೇಳಿ. ನೋಟಿಸು ಬಂತು. ಊಟದ ಮನೆಯ ಹಂಚನ್ನು ನಾವೇ ಇಳಿಸಿದೆವು. ಹೊಸ ಊಟದ ಮನೆಗೆ ಜಾಗ ಬೇಕಲ್ಲ? ಮೊದಲೆರಡು ಹಂತದಲ್ಲಿ ಒಂದು ಸೆಂಟ್ಸೂ ಉಳಿದಿರಲಿಲ್ಲ. ಮೂರನೇ ಹಂತದ ಒಂದು ಸೈಟನ್ನು, ಮೂರನೇ ಹಂತದ ರೇಟಿಗೇ, ಎಲ್ಲರೂ ಸೇರಿ ಕೊಂಡೆವು. ಅಲ್ಲಿ ಬೋರ್ ಕೊರೆಸಿದೆವು. ಮಗಳಿಗೆ ಅಂತ ಇಟ್ಟಿದ್ದ ಎಫ್‌ಡಿ ಮುರಿಯಿತು. ಒಂದೇ ಬಾವಿಗೆ, ಒಂದೇ ಊಟದ ಮನೆಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು.

ದುಡ್ಡಿಗಿಂತ ಮಾತು ಜಾಸ್ತಿ ನೋಯಿಸಿತು. ಮೊದಲ ಹಂತದವರು ಹೇಳಿದರು, ನೀವು ಬರುವವರೆಗೆ ನಮಗೆ ನೀರಿನ ತೊಂದರೆಯೂ ಇರಲಿಲ್ಲ, ಪಂಚಾಯತಿಗೆ ಹೋಗುವ ಕೆಲಸವೂ ಇರಲಿಲ್ಲ ಅಂತ. ಸುಳ್ಳಲ್ಲ ಅದು. ನಾವು ಹೇಳಿದೆವು, ಇಲ್ಲದ ಜಾಗ ತೋರಿಸಿ ಊಟ ಹಾಕಿದವರು ನೀವೇ ಅಲ್ವಾ ಅಂತ. ಅದೂ ಸುಳ್ಳಲ್ಲ. ಕೆಲವರು ಈಗಲೂ ನಮ್ಮ ಸರದಿಯ ದಿನ ಊಟಕ್ಕೆ ಬರುವುದಿಲ್ಲ.

ಹಾಗಾಗಿ ನೀವು ಮೊದಲು ಮಾಡಬೇಕಾದ ಕೆಲಸ ಇಷ್ಟು. ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಬಾವಿಯ ಕಟ್ಟೆಯ ಹತ್ತಿರ ನಿಂತು ತೆರೆಯಿರಿ, ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಊಟದ ಮನೆಯಲ್ಲಿ, ದಾರಿಯಲ್ಲಿ, ತೋಟದಲ್ಲೂ ಹಾಗೇ ನಿಂತು ನೋಡಿ. ಆ ನಂಬರಿನ ಆರ್‌ಟಿಸಿಯನ್ನು ಭೂಮಿ ವೆಬ್‌ಸೈಟಿನಲ್ಲಿ ತೆಗೆಯಿರಿ. ಮಾಲೀಕರ ಹೆಸರಿನ ಜಾಗದಲ್ಲಿ ಸರ್ಕಾರ ಅಂತ ಕಂಡರೆ ಚಾ ಕುಡಿದು ಮನೆಗೆ ಬನ್ನಿ. ಆ್ಯಪು ಸ್ವಲ್ಪ ಆಚೀಚೆ ತೋರಿಸಬಹುದು, ಅದು ಸರ್ವೆಗೆ ಬದಲಿ ಅಲ್ಲ. ಆದರೆ ಸರ್ವೆ ಮಾಡಿಸಬೇಕಾ ಅಂತ ಹೇಳಲು ಅಷ್ಟು ಸಾಕು.

ಇನ್ನು ಬೆಲೆ ಏರುವ ವಿಷಯ. ಬೆಳೆಯುತ್ತಿರುವ ಕಡೆ ಕೊಂಡರೆ ಬೆಲೆಯೂ ಬೆಳೆಯುತ್ತದೆ ಅನ್ನುವುದು ನಿಮ್ಮ ಲೆಕ್ಕ. ನಾನು ಒಪ್ಪುವುದಿಲ್ಲ. ಪಕ್ಕದಲ್ಲೇ ಹೊಸ ಹಂತದ ಹೊಸ ಮನೆ, ಕಂತಿನಲ್ಲಿ ಕೊಡುವಾಗ, ನಿಮ್ಮ ಹಳೆಯ ಮನೆಯನ್ನು ಯಾರು ಕೇಳುತ್ತಾರೆ? ಕೊನೆಯ ಹಂತ ಮಾರಿ ಮುಗಿಯುವವರೆಗೆ ನಿಮ್ಮ ಎದುರಾಳಿ ನಿಮಗೆ ಮಾರಿದವರೇ. ನಮ್ಮಲ್ಲಿ ಒಬ್ಬರು ಮಗನ ಹತ್ತಿರ ಹೋಗಬೇಕು ಅಂತ ಮನೆ ಮಾರಲಿಕ್ಕೆ ಇಟ್ಟು ಎಷ್ಟು ಕಾಲವಾಯಿತೋ. ಮಾರುವ ಯೋಚನೆ ಇಟ್ಟುಕೊಂಡೇ ಬರುವುದಾದರೆ ಮಣಿಪಾಲದಲ್ಲಿ ಒಂದು ಫ್ಲ್ಯಾಟು ತಗೊಳ್ಳಿ, ಬಾಡಿಗೆಯಾದರೂ ಬರುತ್ತದೆ.

ಗುಡ್ಡೆ ತುದಿಯ ಮನೆಗೆ ಒಂದು ಮಾತು. ನೋಟ ನೋಡಬೇಡಿ, ಜೆಸಿಬಿ ಕಡಿದ ಧರೆ, ಅಂದರೆ ಗುಡ್ಡೆಯ ಕಡಿದ ಬದಿ ನೋಡಿ. ಮೇಲೆ ಗಟ್ಟಿ ಮುರ, ಅದರ ಕೆಳಗೆ ಬಿಳಿ ಅಥವಾ ಗುಲಾಬಿ ಬಣ್ಣದ ಮೆತ್ತನೆಯ ಮಣ್ಣು ಕಂಡರೆ ಅದು ಶೇಡಿ ಮಣ್ಣು. ಬೇಸಿಗೆಯಲ್ಲಿ ಗೋಡೆಯಷ್ಟು ಗಟ್ಟಿ. ನೀರು ಕುಡಿದರೆ ಜಾರುತ್ತದೆ. ನಮ್ಮ ಮಳೆ ಹೆಚ್ಚುಕಡಿಮೆ ಪೂರ್ತಿ ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುವುದು. ಆಟಿ ತಿಂಗಳ ಜೋರು ಮಳೆಯಲ್ಲಿ ಅಂಥ ಧರೆಯ ಮೇಲೆ ಮಲಗಿ ನಿದ್ದೆ ಬರುವುದಿಲ್ಲ. ಊಟದ ಮನೆಯ ಪಕ್ಕದ್ದಾದರೆ ಪಾತ್ರೆ ಸದ್ದು, ಎಲ್ಲರ ಸುದ್ದಿ, ಒಗ್ಗರಣೆ ಎಲ್ಲ ನಿಮ್ಮ ಪಾಲಿಗೆ. ಕಾಲುನೋವು ಇರುವ ಅತ್ತೆ ಮಾವ ಇದ್ದರೆ ಮಾತ್ರ ಅದು ಒಳ್ಳೆಯದು.

ಅಂದ ಹಾಗೆ, ಮೀನಿನ ವಿಷಯ ಈಗಲೇ ಕೇಳಿಬಿಡಿ. ನಮ್ಮ ಮೊದಲ ಹಂತದವರು ಊಟದ ಮನೆಯಲ್ಲಿ ಸಸ್ಯಾಹಾರ ಮಾತ್ರ ಅಂತ ಮಾಡಿಕೊಂಡಿದ್ದರು. ಎರಡನೇ ಹಂತದಲ್ಲಿ ಬಂದ ನಮ್ಮಂಥವರಿಗೆ ಬಂಗುಡೆ ಇಲ್ಲದೆ ಭಾನುವಾರ ಇಲ್ಲ. ಕೊನೆಗೆ ಹಲಸಿನ ಮರದ ಅಡಿಯಲ್ಲಿ ಬೇರೆ ಒಲೆ ಹಾಕಿದೆವು. ಈಗ ಸಸ್ಯಾಹಾರಿಗಳೂ ಅಲ್ಲೇ ಬಂದು ಕೂತು ಹರಟೆ ಹೊಡೆಯುತ್ತಾರೆ. ನಮ್ಮಲ್ಲಿ ಚೆನ್ನಾಗಿ ಬಗೆಹರಿದ ಜಗಳ ಇದೊಂದೇ.

ಸಾಧ್ಯವಾದರೆ ಮಾರ್ಚಿನಿಂದ ಆಗಸ್ಟಿನವರೆಗೆ ಅಲ್ಲೇ ಬಾಡಿಗೆಗೆ ಇದ್ದು ನೋಡಿ. ಬೇಸಿಗೆಯ ನೀರು, ಮಳೆಯ ಧರೆ, ಮನುಷ್ಯರ ಸಿಟ್ಟು ಮೂರೂ ಕಾಣುತ್ತವೆ. ಡಿಸೆಂಬರಿನಲ್ಲಿ ಕರಾವಳಿಯ ಯಾವ ಜಾಗವೂ ಚೆಂದವೇ.

ಆಮೇಲೂ ಬೇಕು ಅನಿಸಿದರೆ ಕಾಗದ. 500 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 12 ಸೆಂಟ್ಸು, ಅದಕ್ಕಿಂತ ದೊಡ್ಡ ಜಾಗದಲ್ಲಿ 8ಕ್ಕಿಂತ ಹೆಚ್ಚು ಮನೆ ಕಟ್ಟಿ ಮಾರುವುದಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ಪ್ರತಿ ಹಂತಕ್ಕೂ ಬೇರೆ ಬೇರೆ. ಮೊದಲ ಹಂತದ ನಂಬರು ತೋರಿಸಿ ಎರಡನೆಯದನ್ನು ಮಾರುತ್ತಿದ್ದರೆ ಒಪ್ಪಬೇಡಿ. ಸಾಮಾನ್ಯ ಜಾಗವನ್ನು ನಿವಾಸಿಗಳ ಸಂಘದ ಹೆಸರಿಗೆ ಬರೆದುಕೊಡಬೇಕು ಅಂತ ಅದೇ 2016ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಸೇಲ್ ಡೀಡಿನಲ್ಲಿ ಬಳಸುವ ಹಕ್ಕು ಅಂತ ಬರೆದರೆ ಹೊಡೆದು ಹಾಕಿಸಿ. ಬಾವಿ ಇರುವ ಸರ್ವೆ ನಂಬರು, ಊಟದ ಮನೆಯ ಸರ್ವೆ ನಂಬರು, ದಾರಿಯ ಅಗಲ, ಎಲ್ಲ ಷೆಡ್ಯೂಲಿನಲ್ಲಿ ಬರಬೇಕು. ಮುಂದಿನ ಹಂತದವರು ಬಂದಾಗ ನೀರಿಗೆ, ಊಟದ ಮನೆಗೆ ಅವರು ಎಷ್ಟು ಹಾಕಬೇಕು ಅಂತಲೂ ಈಗಲೇ ಬರೆಸಿ.

ಅದೆಲ್ಲ ಸಂಘ ಆದ ಮೇಲೆ ಮಾಡಿಕೊಡುತ್ತೇವೆ ಅಂತ ಹೇಳುತ್ತಾರೆ. ನಮಗೂ ಹೇಳಿದ್ದರು. ಹಾಗಾದರೆ ಅಡ್ವಾನ್ಸೂ ಸಂಘ ಆದ ಮೇಲೆಯೇ ಅನ್ನಿ. ನೋಂದಣಿ ಮಾಡಿಸಿದ ಕರಾರು ಇಲ್ಲದೆ 10%ಗಿಂತ ಜಾಸ್ತಿ ತಗೊಳ್ಳುವ ಹಾಗೂ ಇಲ್ಲ ಅವರು.