ಮುಚ್ಚಿಗೆ ಬದಲಿಸುವ ಮುಂಚೆ

ಓದುಗರ ಪ್ರಶ್ನೆಗಳಿಗೆ ಧಾರವಾಡದ ವಾದ್ಯ ರಿಪೇರಿ ಅಂಗಡಿಯಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಕೇಳುತ್ತವೆ: ವಾದ್ಯದ ಮುಚ್ಚಿಗೆ, ಅಂದರೆ ಬಾಯಿಗೆ ಬಿಗಿದ ಚರ್ಮ, ಹೋಯ್ತು, ಕೈಯಲ್ಲಿ ದುಡ್ಡು ಕಡಿಮೆ, ಏನು ಮಾಡಲಿ? ಹಾಗಾಗಿ ಹಾರ್ಮೋನಿಯಂ ಮತ್ತು ತಂಬೂರಿಯವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ಮಗ ತಬಲಾ ಕಲಿಯುತ್ತಿದ್ದಾನೆ. ಬಲಗೈ ತಬಲಾದ ನಡುವಿನ ಕಪ್ಪು ಒಂದು ಕಡೆ ಉದುರುತ್ತಿದೆ. ಬಾರಿಸಿದರೆ ಝರ್ ಎಂದು ಸದ್ದು ಬರುತ್ತದೆ. ತಬಲಾ, ಡಗ್ಗಾ (ಎಡಗೈಯದು) ಎರಡರ ಪುಡಿಯನ್ನೂ, ಅಂದರೆ ಇಡೀ ಚರ್ಮದ ಮುಚ್ಚಿಗೆಯನ್ನೂ, ಬದಲಿಸಬೇಕು, 3,500 ರೂಪಾಯಿ ಆಗುತ್ತದೆ ಎಂದು ಅಂಗಡಿಯಲ್ಲಿ ಹೇಳಿದರು. ಅಷ್ಟು ಖರ್ಚು ಬೇಕೇ ಕಾಕಾ?
(ಒಬ್ಬ ತಾಯಿ, ಗದಗ)

ಉತ್ತರ: ಎರಡೂ ಯಾಕೆ ತಾಯಿ? ಉದುರುತ್ತಿರುವುದು ತಬಲಾದ ಶಾಯಿ, ಅಂದರೆ ನೀವು ಹೇಳಿದ ನಡುವಿನ ಕಪ್ಪು. ಡಗ್ಗಾ ನಿಮಗೆ ಏನೂ ತೊಂದರೆ ಕೊಟ್ಟಿಲ್ಲ, ಅದನ್ನು ಅದರ ಪಾಡಿಗೆ ಬಿಡಿ. ಡಗ್ಗಾದ ಚರ್ಮ ದಪ್ಪ, ಬಿಗಿತ ಕಡಿಮೆ, ಜಾಸ್ತಿ ದಿನ ಬಾಳುತ್ತದೆ.

ಈಗ ತಬಲಾವನ್ನು ಕಿಟಕಿ ಹತ್ತಿರ ಬೆಳಕಿಗೆ ತನ್ನಿ. ಶಾಯಿಯ ತುಂಬ ಸಣ್ಣ ಸಣ್ಣ ಬಿರುಕು ಕಾಣುತ್ತವೆ. ಅದಕ್ಕೆ ಹೆದರಬೇಡಿ, ಅವು ಬೇಕೆಂದೇ ಬೀಳಿಸಿದ ಬಿರುಕು. ಕಬ್ಬಿಣದ ಅಂಶವಿರುವ ಕಪ್ಪು ಹುಡಿಯನ್ನು ಅಂಟಿನಲ್ಲಿ ಕಲಸಿ, ತೆಳ್ಳಗೆ ಒಂದು ಪದರ ಹಚ್ಚಿ, ಕಲ್ಲಿನಿಂದ ಉಜ್ಜುತ್ತಾರೆ. ಅದರ ಮೇಲೆ ಇನ್ನೊಂದು ಪದರ, ಮತ್ತೆ ಉಜ್ಜುವುದು. ಹೀಗೆ ಬಿರುಕು ಬಿಟ್ಟಿರುವುದರಿಂದಲೇ ಅಷ್ಟು ಗಟ್ಟಿ ವಸ್ತು ಚರ್ಮದ ಜೊತೆ ಬಳುಕುತ್ತದೆ. ಬಿರುಕು ನೋಡಿ ಗಾಬರಿಯಾಗಿ ಒಳ್ಳೆಯ ಪುಡಿಯನ್ನೇ ಬಿಚ್ಚಿಸಿದವರು ನನ್ನ ಅಂಗಡಿಗೂ ಬಂದಿದ್ದಾರೆ.

ನೋಡಬೇಕಾದ್ದು ತುಂಡು ಎದ್ದಿದೆಯೋ ಎಂದು. ಶಾಯಿಯ ಅಂಚಿನ ಸುತ್ತ ಒಂದು ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋಗಿ, ಇನ್ನೊಂದು ಕೈಯಿಂದ ಬಾರಿಸಿ. ಯಾವ ಜಾಗ ಒತ್ತಿದಾಗ ಝರ್ ನಿಲ್ಲುತ್ತದೋ, ತುಂಡು ಎದ್ದಿರುವುದು ಅಲ್ಲೇ. ಆಮೇಲೆ ಶಾಯಿಯ ಹೊರಗಿನ ಬಯಲು, ಅಂದರೆ ಮೈದಾನ, ನೋಡಿ. ಕೂದಲೆಳೆಯಷ್ಟು ಸೀಳು ಇದೆಯಾ? ಕೊನೆಗೆ ಚಾಟ್ (ಅಂಚಿನ ಚರ್ಮದ ಪಟ್ಟಿ) ಮತ್ತು ಗಜರಾ (ಸುತ್ತ ಹೆಣೆದ ಚರ್ಮದ ಬಳೆ) ಸೇರುವ ಗೆರೆ ನೋಡಿ. ಪುಡಿ ಸಾಯುವುದು ಹೆಚ್ಚಾಗಿ ಅಲ್ಲೇ. ಕಾರಣ ಸುತ್ತಿಗೆ. ಶ್ರುತಿ ಮಾಡುವಾಗ ಏಟು ಹೆಣೆದ ಗಜರಾದ ಮೇಲೆ ಬೀಳಬೇಕು. ಕಲಿಯುವ ಹುಡುಗರ ಕೈಯಲ್ಲಿ ಅದು ಅರ್ಧ ಇಂಚು ಜಾರಿ ಚರ್ಮಕ್ಕೆ ಬೀಳುತ್ತದೆ. ಹತ್ತು ಸಲ ಹಾಗಾದರೆ ಅಂಚು ಕತ್ತರಿಸಿ ಹೋಗುತ್ತದೆ.

ಚರ್ಮ ಗಟ್ಟಿ ಇದ್ದು ಶಾಯಿ ಮಾತ್ರ ಹೋಗಿದ್ದರೆ, ಹಳೆಯ ಶಾಯಿಯನ್ನು ಪೂರ್ತಿ ಕೆರೆದು ಹೊಸದಾಗಿ ಹಾಕಿಸಿ. ಹೊಸ ಪುಡಿಗಿಂತ ಖರ್ಚು ಕಡಿಮೆ. ಆದರೆ 'ಉದುರಿದ ಕಡೆಗಷ್ಟೇ ಸ್ವಲ್ಪ ತೇಪೆ ಹಾಕಿ ಕೊಡಿ' ಎಂದು ಕೇಳಬೇಡಿ. ಬರೀ ಚರ್ಮ ಬಿಗಿದ ವಾದ್ಯದಲ್ಲಿ ಮೂಲ ಸ್ವರಕ್ಕೂ ಮೇಲಿನ ಸ್ವರಗಳಿಗೂ ಹೊಂದಿಕೆ ಇರುವುದಿಲ್ಲ. ನಡುವೆ ಲೆಕ್ಕ ಹಿಡಿದು ಭಾರ ಹಾಕಿದಾಗ ಅವು ಒಂದಕ್ಕೊಂದು ಕೂಡುತ್ತವೆ. ಇದನ್ನು ಸಿ.ವಿ. ರಾಮನ್ 1920ರಲ್ಲೇ ಶಿವಕಾಲಿ ಕುಮಾರ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಪುಡಿ ಕಟ್ಟುವವರಿಗೆ ಇದು ಅದಕ್ಕೂ ಎಷ್ಟೋ ಮೊದಲೇ ಕೈಯಲ್ಲಿ ಗೊತ್ತಿತ್ತು, ಆ ಮಾತು ಬೇರೆ. ಒಂದು ಕಡೆ ತೇಪೆ ಹಾಕಿದರೆ ಭಾರ ಓರೆಯಾಗುತ್ತದೆ. ಆಮೇಲೆ ಎಷ್ಟು ಸುತ್ತಿಗೆ ಹೊಡೆದರೂ ಹದಿನಾರು ಮನೆಯೂ, ಅಂದರೆ ಅಂಚಿನ ಸುತ್ತ ಶ್ರುತಿ ಮಾಡುವ ಹದಿನಾರು ಜಾಗವೂ, ಒಂದೇ ಸ್ವರಕ್ಕೆ ಬರುವುದಿಲ್ಲ.

ಚರ್ಮವೇ ಸೀಳಿದ್ದರೆ ಹೊಸ ಪುಡಿ ಬೇಕೇ ಬೇಕು. ಆಗಲೂ ಉಳಿಸುವ ದಾರಿ ಇದೆ. ಹಳೆಯ ಬಾರು ಒಣಗಿ ಬಿರಿದಿಲ್ಲದಿದ್ದರೆ ಅದನ್ನೇ ಮತ್ತೆ ಹಾಕಲು ಹೇಳಿ. ಗಟ್ಟಾ, ಅಂದರೆ ಪಕ್ಕದ ಎಂಟು ಕಟ್ಟಿಗೆ ತುಂಡು, ಬದಲಿಸುವ ಅಗತ್ಯ ಬರುವುದೇ ಅಪರೂಪ. ಒಂದು ವಿಷಯಕ್ಕೆ ಮಾತ್ರ ಹಟ ಹಿಡಿಯಿರಿ: ಹಳೆಯ ಪುಡಿ ಬಿಚ್ಚಿದಾಗ ಮರದ ಬಾಯಿಯನ್ನು ನಿಮಗೆ ತೋರಿಸಬೇಕು. ಅದನ್ನು ಗಾಜಿನ ಮೇಲೆ ಬೋರಲು ಹಾಕಿ. ಎಲ್ಲಾದರೂ ಸಂದು ಕಂಡರೆ ಮರಳು ಕಾಗದದಿಂದ ಸಮ ಮಾಡಿಸಿ. ಅಂಚು ಮುಕ್ಕಾಗಿದ್ದರೆ ಹೊಸ ಚರ್ಮವೂ ಅದೇ ಜಾಗದಲ್ಲಿ ಹರಿಯುತ್ತದೆ. ಪುಡಿಯನ್ನು ಬೇರೆ ಊರಿಂದ ತರಿಸುವುದಾದರೆ ಬಾಯಿಯ ಅಳತೆ ಕಾಲು ಇಂಚೂ ತಪ್ಪದಂತೆ ಬರೆದು ಕಳಿಸಿ.

ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಯಾವುದು ಬೇಕು, ಯಾವುದು ಬೇಡ ಎಂದು ಕೇಳಿ ಕೇಳಿ ಮಾಡಿಸಿ. ಅಲ್ಲೇ ಬೇಕಾದಷ್ಟು ಉಳಿಯುತ್ತದೆ. ಶಾಯಿ ಹಾಕುವವನ ಕೂಲಿ ಕಡಿಮೆ ಮಾಡಿದರೆ ಅವನು ಉಜ್ಜುವ ಹೊತ್ತು ಕಡಿಮೆ ಮಾಡುತ್ತಾನೆ. ಅಷ್ಟೇ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಬ್ಯಾಂಡ್ ಸೆಟ್ಟಿನಲ್ಲಿ ಮೂರು ಸೈಡ್ ಡ್ರಮ್ಮುಗಳ ಮೇಲಿನ ಹಾಳೆ ಒಡೆದಿದೆ. ಕೆಳಗಿನ ಹಾಳೆಗಳು ಚೆನ್ನಾಗಿವೆ. ಅವನ್ನೇ ಮೇಲೆ ಹಾಕಬಹುದೇ? ಆಗಸ್ಟ್ 15ರ ಪರೇಡಿಗೆ ಬೇಕು. ಅನುದಾನ ಬಂದಿಲ್ಲ.
(ದೈಹಿಕ ಶಿಕ್ಷಕರು, ಹಾವೇರಿ ಜಿಲ್ಲೆ)

ಉತ್ತರ: ಬೇಡ ಸರ್. ಕೆಳಗಿನ ಹಾಳೆ ಅದಕ್ಕೆ ತಾಗಿ ಕಟ್ಟಿದ ತಂತಿಯ ಜೊತೆ ನಡುಗಲಿ ಎಂದು ತುಂಬಾ ತೆಳ್ಳಗೆ ಮಾಡಿರುತ್ತಾರೆ. ಅದರ ಮೇಲೆ ಕಡ್ಡಿ ಬಿದ್ದರೆ ಮೊದಲ ಕವಾಯತಿನಲ್ಲೇ ತೂತು. ಕೊಳ್ಳುವಾಗಲೂ ಈ ಎಚ್ಚರ ಇರಲಿ: ಅಂಗಡಿಯಲ್ಲಿ 'ಮೇಲಿನದು, ಬಾರಿಸುವ ಕಡೆಯದು' ಎಂದು ಸ್ಪಷ್ಟವಾಗಿ ಹೇಳಿ. ಅಗ್ಗಕ್ಕೆ ಸಿಕ್ಕಿತು ಎಂದು ಕೆಳಗಿನದನ್ನು ತಂದವರಿದ್ದಾರೆ.

ಸೈಡ್ ಡ್ರಮ್ ಸಾಮಾನ್ಯವಾಗಿ 14 ಇಂಚಿನದು. ಆದರೂ ಅಳೆದೇ ಹೋಗಿ. ಕಬ್ಬಿಣದ ಬಳೆ ಬಿಟ್ಟು, ಡ್ರಮ್ಮಿನ ಬಾಯಿಯನ್ನಷ್ಟೇ ಅಡ್ಡಕ್ಕೆ ಅಳೆಯಿರಿ. ನಿಮಗೆ ಬೇಕಾದ್ದು ಮೂರು ಹಾಳೆ ಮಾತ್ರ. ಕಂಪನಿ ಹೆಸರಿನ ಆಮದು ಮಾಲು ಬೇಡ, ಊರ ಮಾಲು ಸಾಕು. ಈ ಪ್ಲಾಸ್ಟಿಕ್ ಹಾಳೆ 1950ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ ಅಲ್ಲಿನ ಡ್ರಮ್ಮುಗಳಿಗೂ ಕರುವಿನ ಚರ್ಮವೇ ಇತ್ತು, ಮಳೆ ಬಂದರೆ ಅವೂ ಸಡಿಲವಾಗುತ್ತಿದ್ದವು. ಪ್ಲಾಸ್ಟಿಕ್ಕಿಗೆ ಆ ಗೋಳಿಲ್ಲ. ಆದರೆ ಒಮ್ಮೆ ಒಡೆದರೆ ಹೊಲಿಯಲು, ಅಂಟಿಸಲು ಬರುವುದಿಲ್ಲ.

ಹಾಕುವ ಕೆಲಸವನ್ನು ಹುಡುಗರೇ ಮಾಡಬಹುದು. ಬಳೆ ಬಿಚ್ಚಿ, ಬಾಯಿಯ ಅಂಚು ಒರೆಸಿ. ತುಕ್ಕು ಹಿಡಿದ ಬೋಲ್ಟಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಎರಡು ಹನಿ ಬಿಡಿ. ಹೊಸ ಹಾಳೆ ಕೂರಿಸಿ ಎಲ್ಲ ಬೋಲ್ಟನ್ನೂ ಬರೀ ಬೆರಳಿನಿಂದ ಬಿಗಿಯಿರಿ. ಆಮೇಲೆ ಕೀಲಿ ಹಿಡಿದು ಒಂದಕ್ಕೆ ಅರ್ಧ ಸುತ್ತು, ನೇರ ಎದುರಿನದಕ್ಕೆ ಅರ್ಧ ಸುತ್ತು, ಹೀಗೆ ದಾಟಿ ದಾಟಿ ಹೋಗಿ. ಪಕ್ಕಪಕ್ಕದ್ದನ್ನು ಸಾಲಾಗಿ ಬಿಗಿದರೆ ಹಾಳೆ ಒಂದು ಕಡೆ ಸುಕ್ಕು, ಇನ್ನೊಂದು ಕಡೆ ಹರಿಯುವಷ್ಟು ಬಿಗಿ. ಕಡ್ಡಿಗಳ ತುದಿಯನ್ನೂ ನೋಡಿ. ತುದಿ ಒಡೆದು ಚೂಪಾದ ಕಡ್ಡಿಯೇ ನಿಮ್ಮ ಮೂರು ಹಾಳೆ ತಿಂದಿರಬಹುದು. ಅದನ್ನು ಮರಳು ಕಾಗದದಿಂದ ಉಜ್ಜಿ, ಇಲ್ಲವೇ ಎಸೆಯಿರಿ.

ದೊಡ್ಡ ಡ್ರಮ್ಮಿನ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಒಡೆದ ಹಳೆಯ ಹಾಳೆಯಿಂದ ಅಂಗೈ ಅಗಲದ ವೃತ್ತ ಕತ್ತರಿಸಿ, ಬಾರಿಸುವ ಕೋಲಿನ ಗುಂಡು ಬೀಳುವ ಜಾಗದಲ್ಲಿ ಒಳ್ಳೆಯ ಟೇಪಿನಿಂದ ಅಂಟಿಸಿ. ಏಟು ಅದರ ಮೇಲೆ ಬೀಳಲಿ, ಕೆಳಗಿನ ಹಾಳೆ ಉಳಿಯುತ್ತದೆ.

ಪ್ರಶ್ನೆ: ನಾನಿರುವುದು ಡಲ್ಲಾಸ್‌ನಲ್ಲಿ. ಮಗಳ ಮೃದಂಗದ ಬಲಗಡೆಯ ಕರಣೆ (ನಡುವಿನ ಕಪ್ಪು) ಎದ್ದಿದೆ. ಇಲ್ಲಿ ಹತ್ತಿರದಲ್ಲಿ ರಿಪೇರಿ ಮಾಡುವವರಿಲ್ಲ. ಇಡೀ ವಾದ್ಯವನ್ನು ಬೆಂಗಳೂರಿಗೆ ಕಳಿಸುವ ಖರ್ಚಿನಲ್ಲಿ ಹೊಸದೇ ಬರುತ್ತದೆ. ಏನು ಮಾಡುವುದು?
(ಡಲ್ಲಾಸ್‌ನಲ್ಲಿರುವ ಕನ್ನಡಿಗರೊಬ್ಬರು)

ಉತ್ತರ: ನನ್ನ ಕೈ ಓಡುವುದು ಹೆಚ್ಚಾಗಿ ತಬಲಾದಲ್ಲಿ. ಆದರೂ ಮೃದಂಗದವರು ಬರುತ್ತಿರುತ್ತಾರೆ.

ನಿಮ್ಮದು ಬಾರು ಹಾಕಿದ್ದೋ, ನಟ್ಟು ಬೋಲ್ಟಿನದ್ದೋ ಬರೆದಿಲ್ಲ. ಬೋಲ್ಟಿನದ್ದಾದರೆ ಚಿಂತೆ ಬೇಡ. ಮುಂದಿನ ಸಲ ಊರಿಗೆ ಬಂದಾಗ ಬಲಕ್ಕೆ ಎರಡು, ಎಡಕ್ಕೆ ಒಂದು ಮುಚ್ಚಿಗೆ ಮಾಡಿಸಿಕೊಂಡು ಹೋಗಿ. ಸ್ಪ್ಯಾನರ್ ಹಿಡಿದು ಮನೆಯಲ್ಲೇ ಬದಲಿಸಬಹುದು. ಬಲಗಡೆಯದೇ ಬೇಗ ಹೋಗುವುದು, ಅದಕ್ಕೇ ಎರಡು. ಬಾಯಿಯ ಅಳತೆಯ ಜೊತೆಗೆ, ಕಾಗದ ಇಟ್ಟು ಅಂಚಿನ ಸುತ್ತ ಪೆನ್ಸಿಲ್ ಗೆರೆ ಎಳೆದು ತನ್ನಿ. ಹಲಸಿನ ಮರದ ಬಾಯಿ ಎಲ್ಲವೂ ಪೂರ್ತಿ ದುಂಡಗಿರುವುದಿಲ್ಲ.

ಬಾರಿನದ್ದಾದರೆ ಮನೆಯಲ್ಲಿ ಕೈ ಹಾಕಬೇಡಿ. ಆ ಬಿಗಿ ಎಳೆಯಲು ಅಭ್ಯಾಸ ಇದ್ದ ತೋಳು ಬೇಕು. ದಿನದ ಅಭ್ಯಾಸಕ್ಕೆ ಬೇಕಿದ್ದರೆ ಸಿಂಥೆಟಿಕ್ ಮುಚ್ಚಿಗೆಯ ಮೃದಂಗಗಳೂ ಇವೆ. ಬೆಂಗಳೂರಿನ ಗಾಯಕರೂ ಎಂಜಿನಿಯರೂ ಆದ ಕೆ. ವರದರಂಗನ್ ಅಂಥದ್ದೊಂದನ್ನು ರೂಪಿಸಿದ್ದಾರೆ. ನನ್ನ ಕಿವಿಗೆ ಚರ್ಮದ ನಾದವೇ ಹಿತ. ಆದರೆ ರಿಪೇರಿಯವರಿಲ್ಲದ ಊರಿನಲ್ಲಿ, ಮಗು ದಿನಾ ಕೂತು ಬಾರಿಸಬೇಕಾದಲ್ಲಿ, ನನ್ನ ಕಿವಿಯ ಮಾತು ಕೇಳಬೇಕಿಲ್ಲ.

ಈಗಿರುವ ಮುಚ್ಚಿಗೆ ಹೆಚ್ಚು ದಿನ ಬರಬೇಕಾದರೆ ಎರಡು ಕೆಲಸ ಮಾಡಿ. ನಾದ ತಗ್ಗಲೆಂದು ಎಡಗಡೆ ಹಚ್ಚಿದ ಒದ್ದೆ ರವೆಯನ್ನು ಪಾಠ ಮುಗಿದ ಕೂಡಲೇ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ರಾತ್ರಿಯಿಡೀ ಬಿಟ್ಟರೆ ಚರ್ಮ ಕೊಳೆಯುತ್ತದೆ, ಹುಳುವೂ ಬರುತ್ತದೆ. ಚಳಿಗಾಲದಲ್ಲಿ ಹೀಟರ್ ಗಾಳಿ ಬರುವ ಕಿಂಡಿಯಿಂದ ವಾದ್ಯವನ್ನು ದೂರ ಇಡಿ. ಒಣ ಗಾಳಿಗೆ ಚರ್ಮ ತಾನೇ ಬಿಗಿದುಕೊಂಡು ಬಿರಿಯುತ್ತದೆ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ತಬಲಾಗಳಿಗೆ ಆಗುವುದೂ ಇದೇ.

ಪ್ರಶ್ನೆ: ಕಳೆದ ಹೋಳಿಯಲ್ಲಿ ನಮ್ಮ ಓಣಿಯ ಹಲಗೆ ವಾದ್ಯಗಳು ನೆನೆದು ಹರಿದವು. ಮುಂದಿನ ವರ್ಷಕ್ಕೆ ಎಲ್ಲಾ ಫೈಬರ್ ಮಾಡಿಸೋಣ ಅಂತ ಹುಡುಗರು, ಚರ್ಮದ್ದೇ ಬೇಕು ಅಂತ ಹಿರಿಯರು. ನೀವೇ ಹೇಳಿ.
(ಒಬ್ಬ ಯುವಕ, ಬಾಗಲಕೋಟೆ)

ಉತ್ತರ: ತಮ್ಮಾ, ನಿಮ್ಮೂರ ಹೋಳಿಯ ಮಧ್ಯೆ ನನ್ನನ್ನು ಯಾಕೆ ನಿಲ್ಲಿಸುತ್ತೀಯಾ? ಬಣ್ಣ ಎರಚುವ ದಿನಕ್ಕೆ ಫೈಬರ್ ಹಲಗೆ ಹಿಡಿಯಿರಿ. ಅದಕ್ಕೆ ನೀರಿನ ಭಯ ಇಲ್ಲ, ಬೆಂಕಿಗೆ ಹಿಡಿದು ಕಾಯಿಸುವ ಕೆಲಸವೂ ಇಲ್ಲ. ಸದ್ದು ಸ್ವಲ್ಪ ಕಿರುಚುತ್ತದೆ, ಬಯಲಿನಲ್ಲಿ ನಡೆಯುತ್ತದೆ. ಬಣ್ಣಕ್ಕೆ ಮುಂಚಿನ ರಾತ್ರಿಗಳಲ್ಲಿ, ಬೆಂಕಿ ಹಾಕಿ ಕೂತು ಬಾರಿಸುವಾಗ, ಚರ್ಮದ್ದು ತೆಗೆಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಖರ್ಚು ತಪ್ಪುತ್ತದೆ, ಹಿರಿಯರ ಮಾತೂ ಉಳಿಯುತ್ತದೆ.

ಹರಿದ ಹಲಗೆಗಳ ಬಳೆ ಬಿಸಾಡಬೇಡಿ. ಬಳೆ ಗಟ್ಟಿ ಇದ್ದರೆ ಚರ್ಮದ ಖರ್ಚು ಮಾತ್ರ. ಆಡಿನ ಹಸಿ ಚರ್ಮವನ್ನು ನೆನೆಸಿ, ಕೂದಲು ಕೆರೆದು, ಒದ್ದೆ ಇರುವಾಗಲೇ ಬಳೆಗೆ ಎಳೆದು ಕಟ್ಟಿ, ನೆರಳಿನಲ್ಲಿ ಒಣಗಿಸಬೇಕು. ಬೇಗ ಆಗಲಿ ಅಂತ ಬಿಸಿಲಿಗಿಟ್ಟರೆ ಒಂದು ಕಡೆ ಮೊದಲು ಒಣಗಿ ಬಳೆಯನ್ನೇ ಸೊಟ್ಟ ಮಾಡುತ್ತದೆ. ನಿಮ್ಮ ಊರಿನಲ್ಲಿ ಹಲಗೆ ಕಟ್ಟುವ ಮನೆಗಳಿದ್ದರೆ ಅವರಿಂದಲೇ ಮಾಡಿಸಿ. ಈಗಲೇ ಹೇಳಿಡಿ, ಹೋಳಿಯ ಹಿಂದಿನ ವಾರ ಹೋದರೆ ಯಾರ ಕೈಯೂ ಖಾಲಿ ಇರುವುದಿಲ್ಲ. ಬಾರಿಸುವ ಮುಂಚೆ ಕಾಯಿಸುವಾಗ ಹಲಗೆಯನ್ನು ಉರಿಯಿಂದ ದೂರ ಹಿಡಿದು ತಿರುಗಿಸುತ್ತಿರಿ. ಕೈ ಹಿಂಭಾಗಕ್ಕೆ ತಡೆಯದಷ್ಟು ಬಿಸಿ ಎನಿಸಿದರೆ ಚರ್ಮಕ್ಕೂ ಅದು ಜಾಸ್ತಿಯೇ.

ಪ್ರಶ್ನೆ: ತಬಲಾದ ಶಾಯಿ ತುಂಡಿಗೆ ಫೆವಿಕ್ವಿಕ್ ಹಾಕಬಹುದೇ?
(ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನಾಳೆಯೇ ಕಾರ್ಯಕ್ರಮ ಇದ್ದರೆ, ಎದ್ದ ತುಂಡಿನ ಕೆಳಗೆ ಸೂಜಿಯ ತುದಿಯಲ್ಲಿ ಒಂದು ಹನಿ ಹಾಕು, ಹತ್ತು ನಿಮಿಷ ಮುಟ್ಟಬೇಡ. ಬರೀ ಚರ್ಮಕ್ಕೆ ಮಾತ್ರ ತಾಗಿಸಬೇಡ, ಆ ಜಾಗ ಗಾಜಾಗಿ ಒಡೆಯುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಅಂಗಡಿಗೆ ತಾ, ಅಂಟು ಹಾಕಿದ್ದನ್ನು ಮೊದಲೇ ಹೇಳು. ಕೆರೆಯುವಾಗ ಚರ್ಮ ಕಿತ್ತು ಬಂದರೆ ಆಮೇಲೆ ಹೊಸ ಪುಡಿಯೇ ಗತಿ.