ಕ್ವಾರ್ಟರ್‌ಬ್ಯಾಕ್‌ನ ನೋಟವನ್ನು ವಿಡಿಯೋ ಗೇಮ್‌ನಲ್ಲಿ ನೈಜವಾಗಿಸುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್ ಗೇಮ್‌ಗಳಲ್ಲಿ ಕ್ವಾರ್ಟರ್‌ಬ್ಯಾಕ್‌ನ, ಅಂದರೆ ಚೆಂಡನ್ನು ಸಹ ಆಟಗಾರರಿಗೆ ಎಸೆದು ದಾಳಿಯನ್ನು ಮುನ್ನಡೆಸುವವನ, ನೋಟ ನೈಜವಾಗಬೇಕಾದರೆ ಹಿಂದೊಂದು ಗೇಮ್‌ನಲ್ಲಿದ್ದ ಬೆಳಕಿನ ಶಂಕುವನ್ನೇ ಮರಳಿ ತಂದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದು ಈ ಗೇಮ್‌ಗಳನ್ನು ವರ್ಷಗಟ್ಟಲೆ ಪ್ರೀತಿಯಿಂದ ಆಡಿದ ನನ್ನ ಅಭಿಪ್ರಾಯ.

2005ರಲ್ಲಿ ಬಂದ ಮ್ಯಾಡನ್ ಎನ್‌ಎಫ್‌ಎಲ್ 06 ಗೇಮ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಟಾರ್ಚಿನ ಬೆಳಕಿನಂತಹ ಒಂದು ಶಂಕು ಹರಡಿಕೊಳ್ಳುತ್ತಿತ್ತು. ಆತನ ಅರಿವಿಗೆ ಕೊಟ್ಟ ಅಂಕ ಹೆಚ್ಚಿದಷ್ಟೂ ಅದು ಅಗಲವಾಗುತ್ತಿತ್ತು. ಹೆಸರಾಂತ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ನದಂತೂ ಮೈದಾನದ ಬಹುಭಾಗವನ್ನು ಆವರಿಸುತ್ತಿತ್ತು. ಅದರ ಹೊರಗೆ ಎಸೆದರೆ ಚೆಂಡು ಗುರಿ ತಪ್ಪುವ ಸಂಭವ ಹೆಚ್ಚು. ಕಲ್ಪನೆ ದಿಟ್ಟವಾದದ್ದೇ, ಆದರೆ ಅದು ಕಟ್ಟಿಹಾಕಿದ್ದು ಕೈಯನ್ನು, ಕಣ್ಣನ್ನಲ್ಲ. ಕ್ಯಾಮೆರಾ ಕ್ವಾರ್ಟರ್‌ಬ್ಯಾಕ್‌ನ ಹಿಂದೆ ಎತ್ತರದಲ್ಲಿದ್ದುದರಿಂದ ಅವನಿಗೆ ಕಾಣದ ಡಿಫೆಂಡರ್‌ಗಳೆಲ್ಲರೂ (ಪಾಸ್ ತಡೆಯುವ ಎದುರಾಳಿಗಳು) ನಮಗೆ ಕಾಣುತ್ತಲೇ ಇದ್ದರು. ಮೇಲಾಗಿ, ಪಕ್ಕದಲ್ಲಿ ಕುಳಿತು ಆಡುವ ಎದುರಾಳಿಗೆ ಆ ಬೆಳಕೇ ನಮ್ಮ ಗುರಿಯನ್ನು ತಿಳಿಸಿಬಿಡುತ್ತಿತ್ತು.

ನಿಜವಾದ ಕ್ವಾರ್ಟರ್‌ಬ್ಯಾಕ್‌ನ ಎದುರಿಗೆ ಆರಡಿಗೂ ಎತ್ತರದ ಲೈನ್‌ಮನ್‌ಗಳ, ಅಂದರೆ ಮುಂಚೂಣಿಯಲ್ಲಿ ನಿಲ್ಲುವ ಆಟಗಾರರ, ಗೋಡೆಯಿರುತ್ತದೆ. ಮನುಷ್ಯನ ಕಣ್ಣಿಗೆ ನಿಚ್ಚಳವಾಗಿ ಕಾಣುವುದು ನೋಟದ ನಡುವಿನ ಒಂದೆರಡು ಡಿಗ್ರಿಯಷ್ಟು ಭಾಗ ಮಾತ್ರ. ಆದ್ದರಿಂದ ಆತ ಮೂರು, ಐದು ಅಥವಾ ಏಳು ಹೆಜ್ಜೆ ಹಿಂದೆ ಸರಿಯುತ್ತ, ಹೆಜ್ಜೆಗಳ ಲಯಕ್ಕೆ ಹೊಂದಿಸಿಕೊಂಡು, ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಒಂದೊಂದೇ ಕಡೆಗೆ ಕಣ್ಣು ಹಾಯಿಸುತ್ತಾನೆ. ಎಷ್ಟೋ ಬಾರಿ ಚೆಂಡು ಹಿಡಿಯಬೇಕಾದ ರಿಸೀವರ್ ಇನ್ನೂ ತಿರುಗುವ ಮೊದಲೇ, ಅವನು ತಲುಪಬೇಕಾದ ಜಾಗಕ್ಕೆ ಚೆಂಡನ್ನು ಎಸೆದುಬಿಡುತ್ತಾನೆ.

ಇಲ್ಲಿಯೇ ಪರಿಹಾರದ ಎಳೆ ಸಿಗುತ್ತದೆ. ತನ್ನ ರಿಸೀವರ್ ಯಾವ ಹಾದಿಯಲ್ಲಿ ಓಡುತ್ತಾನೆಂಬುದು ಅವನಿಗೆ ಗೊತ್ತು. ಆ ಹಾದಿಗೆ ಅಡ್ಡ ಬರುವ ಡಿಫೆಂಡರ್ ಯಾರೆಂಬುದು ನೋಡದ ಹೊರತು ಗೊತ್ತಾಗದು. ಹಾಗಾಗಿ ನೋಟದ ಹೊರಗಿನ ರಿಸೀವರ್‌ನನ್ನು ಇರಬೇಕಾದ ಜಾಗದಲ್ಲಿ ಮಸುಕಾಗಿ ತೋರಿಸಿ, ಡಿಫೆಂಡರ್‌ನನ್ನು ಕೊನೆಯ ಬಾರಿ ಕಂಡಲ್ಲಿಯೇ ಉಳಿಸಿ, ಕ್ರಮೇಣ ಅಳಿಸಬೇಕು. ತಲೆ ಆ ಕಡೆ ತಿರುಗಿದಾಗ ಮಾತ್ರ ನಿಜಸ್ಥಿತಿ ಕಾಣಬೇಕು. ಅರಿವಿನ ಅಂಕವು ನೋಟದ ಅಗಲವನ್ನಲ್ಲ, ಕಂಡದ್ದನ್ನು ಗುರುತಿಸುವ ವೇಗವನ್ನೂ ನೆನಪು ಮಾಸದೆ ಉಳಿಯುವ ಅವಧಿಯನ್ನೂ ನಿರ್ಧರಿಸಬೇಕು. ಅನುಭವಿ ಆಟಗಾರನಿಗೂ ಹೊಸಬನಿಗೂ ಇರುವ ಅಂತರ ಆಗ ನಮ್ಮ ಅನುಭವಕ್ಕೇ ಬರುತ್ತದೆ.

ಈ ನೆನಪಿನ ಲೆಕ್ಕವಿದ್ದರೆ 2018ರಲ್ಲಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಬಾಲ್ಟಿಮೋರ್ ತಂಡದ ವಿರುದ್ಧ ಎಸೆದಂತಹ, ಕಣ್ಣೊಂದು ಕಡೆ ಕೈಯೊಂದು ಕಡೆಯಾದ ಪಾಸ್‌ಗೂ ಅವಕಾಶವಾಗುತ್ತದೆ, ಏಕೆಂದರೆ ಈಗಷ್ಟೇ ನೋಡಿದ ಜಾಗಕ್ಕೆ ಎಸೆದರೆ, ಹಳೆಯ ಶಂಕುವಿನಲ್ಲಿದ್ದಂತೆ ಗುರಿ ತಪ್ಪುವ ದಂಡವಿರುವುದಿಲ್ಲ. ಎದುರಾಳಿ ಸೇಫ್ಟಿಯು (ಹಿಂಭಾಗ ಕಾಯುವ ಡಿಫೆಂಡರ್) ನೆಲದ ಮೇಲಿನ ಬೆಳಕನ್ನಲ್ಲ, ಹೆಲ್ಮೆಟ್ ತಿರುಗಿದ ದಿಕ್ಕನ್ನು ನೋಡಿ ಮೋಸಹೋಗಬೇಕು.

ಕ್ಯಾಮೆರಾವನ್ನು ಹೆಲ್ಮೆಟ್‌ನೊಳಗೇ ಇಡುವುದು ಇದಕ್ಕಿಂತ ಸರಳವೆನಿಸಬಹುದು. 2003ರ ಇಎಸ್‌ಪಿಎನ್ ಎನ್‌ಎಫ್‌ಎಲ್ ಫುಟ್‌ಬಾಲ್ ಎಂಬ ಗೇಮ್‌ನಲ್ಲಿ ಅಂತಹ ವಿಧಾನವಿತ್ತು. ಆದರೆ ಟಿವಿ ಪರದೆಗೆ ಕಣ್ಣಂಚಿನ ನೋಟವಿಲ್ಲದ ಕಾರಣ ಅದು ವಾಸ್ತವಕ್ಕಿಂತಲೂ ಇಕ್ಕಟ್ಟಾಗುತ್ತದೆ. ನಾನು ಹೇಳಿದ ವಿಧಾನಕ್ಕೂ ಒಂದು ಮಿತಿಯಿದೆ: ಒಂದೇ ಪರದೆಯಲ್ಲಿ ಇಬ್ಬರು ಆಡುವಾಗ ಡಿಫೆಂಡರ್‌ನನ್ನು ಮರೆಮಾಡಿದರೆ ಅವನನ್ನು ನಡೆಸುತ್ತಿರುವವನಿಗೂ ಅವನು ಕಾಣುವುದಿಲ್ಲ. ಆದ್ದರಿಂದ ಇದನ್ನು ಒಬ್ಬರೇ ಆಡುವ ಹಾಗೂ ಆನ್‌ಲೈನ್ ಪಂದ್ಯಗಳಿಗಷ್ಟೇ ಅಳವಡಿಸುವುದು ಸೂಕ್ತ.