ತೋಟದ ಬಾಳೆಗೂ ತಾಯಿಗೂ ಮೆಗ್ನೀಷಿಯಂ ಕಡಿಮೆ: ಮಣ್ಣೇ ಕಾರಣವೇ?

ಬಾಳೆಯ ಎಲೆ ಹಳದಿಯಾಗಿದ್ದಕ್ಕೆ ಮೆಗ್ನೀಷಿಯಂ ಕೊರತೆ ಎಂದರು, ಅದೇ ವಾರ ತಾಯಿಯ ರಕ್ತಪರೀಕ್ಷೆಯಲ್ಲೂ ಮೆಗ್ನೀಷಿಯಂ ಕಡಿಮೆ ಬಂತು, ಎರಡಕ್ಕೂ ನಮ್ಮ ಮಣ್ಣೇ ಕಾರಣವೇ ಎಂದು ಕೇಳಿದ್ದೀರಿ. ಬಾಳೆಯ ಮಟ್ಟಿಗೆ ಹೌದು, ಮಣ್ಣೇ ಕಾರಣ ಇರಬಹುದು. ತಾಯಿಯ ವಿಷಯದಲ್ಲಿ ಮಣ್ಣಿಗಿಂತ ಮೊದಲು ನೋಡಬೇಕಾದ ಜಾಗಗಳು ಬೇರೆ ಇವೆ.

ನಾನು ಶಿರಸಿಯ ಕಡೆ ಅಡಿಕೆಯ ನಡುವೆ ಬಾಳೆ ಬೆಳೆಯುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತೋಟದಲ್ಲೂ ಇದೇ ಆಯಿತು. ಕೆಳಗಿನ ಹಳೆಯ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಅಂಚೆಲ್ಲ ಹಳದಿ, ನಡುದಿಂಡಿನ ಎರಡೂ ಪಕ್ಕ ಮಾತ್ರ ಹಸಿರು ಪಟ್ಟಿ. ಎಲೆಯ ತೊಟ್ಟಿನ ಮೇಲೆ ನೇರಳೆ ಮಚ್ಚೆಗಳು. ಸುಳಿ ಎಲೆ ಮಾತ್ರ ಚೆನ್ನಾಗಿತ್ತು. ಈ ಕೊನೆಯ ಗುರುತು ಮುಖ್ಯ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ಒಂದೊಂದು ಅಣುವಿನ ನಡುವೆಯೂ ಒಂದು ಮೆಗ್ನೀಷಿಯಂ ಪರಮಾಣು ಕುಳಿತಿರುತ್ತದೆ. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಹೊಸ ಎಲೆಗೆ ಕೊಡುತ್ತದೆ. ಆದ್ದರಿಂದ ಹಳದಿ ಕೆಳಗಿನಿಂದ ಶುರುವಾಗುತ್ತದೆ. ಸುಳಿಯಲ್ಲೇ ಹಳದಿ ಕಂಡರೆ ಕಬ್ಬಿಣದ ಕೊರತೆಯನ್ನು ಅನುಮಾನಿಸಿ.

ನನ್ನ ತೋಟದಲ್ಲಿ ತಪ್ಪು ಆಗಿದ್ದು ಪೊಟ್ಯಾಷ್‌ನಿಂದ. ಗೊನೆ ತುಂಬಲಿ ಎಂದು ಹಾಕುತ್ತಲೇ ಹೋಗಿದ್ದೆ. ಪೊಟ್ಯಾಷ್ ಅತಿಯಾದರೆ ಬೇರು ಮೆಗ್ನೀಷಿಯಂ ಹೀರುವುದಕ್ಕೆ ಅಡ್ಡಿಯಾಗುತ್ತದೆ. ಇತ್ತ ಮಲೆನಾಡಿನ ಮಳೆ ಜಂಬಿಟ್ಟಿಗೆ ಮಣ್ಣಿನಲ್ಲಿ ಇದ್ದದ್ದನ್ನೂ ತೊಳೆದುಕೊಂಡು ಹೋಗುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೂ ಗೊನೆಗೂ ಇಳಿಯುವುದಕ್ಕೆ ಮೆಗ್ನೀಷಿಯಂ ಬೇಕು, ಅದಿಲ್ಲದಿದ್ದರೆ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಗೊನೆಗಾಗಿ ಹಾಕಿದ ಗೊಬ್ಬರವೇ ಗೊನೆಯನ್ನು ಬಡಕಲು ಮಾಡಿತು ಎಂದು ತಿಳಿದಾಗ ನಿಜಕ್ಕೂ ಹೊಟ್ಟೆ ಉರಿಯಿತು.

ಪೊಟ್ಯಾಷ್ ತಗ್ಗಿಸಿದೆ, ಮೆಗ್ನೀಷಿಯಂ ಇರುವ ಡೋಲೋಮೈಟ್ ಸುಣ್ಣ ಕೊಟ್ಟೆ. ಅದು ನಿಧಾನವಾಗಿ ಕರಗುವುದರಿಂದ, ತಕ್ಷಣಕ್ಕೆಂದು ಮೆಗ್ನೀಷಿಯಂ ಸಲ್ಫೇಟನ್ನು ಲೀಟರ್ ನೀರಿಗೆ 10 ಗ್ರಾಂ ಕದಡಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿದೆ. ಒಣಗಿದ ಅಂಚು ಮತ್ತೆ ಹಸಿರಾಗಲಿಲ್ಲ, ಆಮೇಲೆ ಬಂದ ಎಲೆಗಳು ಹಸಿರಾಗಿಯೇ ಉಳಿದವು. ಡೋಲೋಮೈಟ್ ಹುಳಿ ಮಣ್ಣಿಗೆ ಮಾತ್ರ. ಹತ್ತಿ ಬೆಳೆಯುವ ಎರೆಭೂಮಿಗೆ ಅದನ್ನು ಹಾಕಬೇಡಿ, ಅಲ್ಲಿ ಸಲ್ಫೇಟೇ ಸರಿ.

ಈಗ ಊಟಕ್ಕೆ ಬರೋಣ. ವಯಸ್ಕರಿಗೆ ದಿನಕ್ಕೆ ಸುಮಾರು 300ರಿಂದ 450 ಮಿಲಿಗ್ರಾಂ ಮೆಗ್ನೀಷಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ 140 ಮಿಲಿಗ್ರಾಂ ಆಸುಪಾಸು ಇದೆ, ಜೋಳದಲ್ಲಿ ಅದಕ್ಕಿಂತ ತುಸು ಕಡಿಮೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಕೇವಲ 20ರ ಸುತ್ತಮುತ್ತ. ತವುಡು ತೆಗೆಯದ ಅದೇ ಅಕ್ಕಿಯಲ್ಲಿ ಇದರ ನಾಲ್ಕೈದು ಪಟ್ಟು ಇರುತ್ತದೆ. ಅಂದರೆ ಗದ್ದೆ ಕೊಟ್ಟದ್ದನ್ನು ಅಕ್ಕಿ ಗಿರಣಿಯಲ್ಲೇ ಕಳೆದುಕೊಂಡು, ತವುಡನ್ನು ದನಕ್ಕೆ ಹಾಕಿ, ಅನ್ನವನ್ನು ನಾವು ಉಣ್ಣುತ್ತಿದ್ದೇವೆ. ಗಂಜಿ ಬಸಿದು ಚೆಲ್ಲಿದರೆ ಇನ್ನಷ್ಟು ಹೋಗುತ್ತದೆ. ನೀವು ಮಣ್ಣಿಗೆ ಎಷ್ಟು ಮೆಗ್ನೀಷಿಯಂ ಸುರಿದರೂ ಈ ನಷ್ಟ ತುಂಬುವುದಿಲ್ಲ. ವಾರದಲ್ಲಿ ನಾಲ್ಕು ದಿನ ಮುದ್ದೆ ಅಥವಾ ರೊಟ್ಟಿ, ಜೊತೆಗೆ ಹುರುಳಿ, ಹರಿವೆ ಸೊಪ್ಪು, ಎಳ್ಳಿನ ಚಟ್ನಿ ಇದ್ದರೆ ಹೆಚ್ಚಿನವರಿಗೆ ಸಾಕಾಗುತ್ತದೆ.

ತಾಯಿಯ ವರದಿಯನ್ನು ಮಾತ್ರ ಊಟದ ಮೇಲೆ ಹೊರಿಸಿ ಸುಮ್ಮನಾಗಬೇಡಿ. ದೇಹದಲ್ಲಿರುವ ಸುಮಾರು 25 ಗ್ರಾಂ ಮೆಗ್ನೀಷಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿದೆ. ರಕ್ತದಲ್ಲಿ ಇರುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ರಕ್ತದಲ್ಲೇ ಇಳಿದಿದೆ ಎಂದರೆ ಕಾರಣ ಹುಡುಕಲೇಬೇಕು. ಗ್ಯಾಸ್ಟ್ರಿಕ್‌ಗೆ ವರ್ಷಗಟ್ಟಲೆ ತೆಗೆದುಕೊಳ್ಳುವ ಆಮ್ಲ ತಗ್ಗಿಸುವ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬಿಡದ ಭೇದಿ, ಇವೆಲ್ಲ ಮೆಗ್ನೀಷಿಯಂ ಅನ್ನು ಇಳಿಸುತ್ತವೆ. ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ ವೈದ್ಯರ ಮುಂದಿಡಿ, ಆದರೆ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಕೊರತೆ ತೀವ್ರವಾದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ಹಾಗೆಂದು ಅಂಗಡಿಯಿಂದ ಮೆಗ್ನೀಷಿಯಂ ಮಾತ್ರೆ ತಂದು ಕೊಡುವುದೂ ಬೇಡ. ಮೂತ್ರಪಿಂಡ ದುರ್ಬಲವಾಗಿದ್ದರೆ ಅದು ರಕ್ತದಲ್ಲಿ ಶೇಖರವಾಗಿ ಅಪಾಯ ತರುತ್ತದೆ.

ತೋಟದ ಬಗ್ಗೆ ಮುಂದೆ ಹೇಳಲು ನನಗೆ ಎರಡು ವಿವರ ಬೇಕು: ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ (pH, ಅಂದರೆ ಮಣ್ಣು ಎಷ್ಟು ಹುಳಿ ಎಂಬ ಅಳತೆ) ಎಷ್ಟಿದೆ, ಕಳೆದ ವರ್ಷ ಬುಡವೊಂದಕ್ಕೆ ಎಷ್ಟು ಪೊಟ್ಯಾಷ್ ಹಾಕಿದ್ದೀರಿ. ತಿಳಿಸಿ, ಡೋಲೋಮೈಟ್ ಬೇಕೇ ಬೇಡವೇ ನೋಡೋಣ.